ಒಂದು ಪದಕ್ಕಾಗಿ ಒಡೆದ ಸಭೆ: ಅಮೆರಿಕದ ಎಪಿಸ್ಕೋಪಲ್ ಪಾದ್ರಿಗಳ ದೀಕ್ಷಾಸ್ನಾನದ ಜಗಳ

ದೀಕ್ಷಾಸ್ನಾನದಲ್ಲಿ (ಬ್ಯಾಪ್ಟಿಸಮ್) ಮಗುವಿನ ತಲೆಗೆ ನೀರು ಹಾಕಿ ಆಯಿತು. ಪಾದ್ರಿ ಈಗ ಸಭಿಕರತ್ತ ತಿರುಗಿ, ಈ ಮಗು ಹೊಸ ಜನ್ಮ ಪಡೆದು ಕ್ರಿಸ್ತನ ಸಭೆಯೆಂಬ ದೇಹಕ್ಕೆ ಕಸಿಯಾಗಿದೆ, ಆದ್ದರಿಂದ ದೇವರಿಗೆ ಕೃತಜ್ಞತೆ ಹೇಳೋಣ ಎಂದು ಓದಬೇಕು. ಅದರ ಹಿಂದೆಯೇ ಬರುವ ಸ್ತೋತ್ರದಲ್ಲೂ ಅದೇ ಮಾತು: ಪವಿತ್ರಾತ್ಮನಿಂದ ಈ ಶಿಶುವಿಗೆ ಹೊಸ ಜನ್ಮ ಕೊಟ್ಟದ್ದಕ್ಕೆ ವಂದನೆ. ಮೂಲದಲ್ಲಿರುವ ಪದ ‘ರೀಜನರೇಟ್’. ಸತ್ತು ಮತ್ತೆ ಹುಟ್ಟುವ ನಮ್ಮ ‘ಪುನರ್ಜನ್ಮ’ಕ್ಕೂ ಇದಕ್ಕೂ ಸಂಬಂಧವಿಲ್ಲ, ಬದುಕಿರುವಾಗಲೇ ಒಳಗು ಹೊಸದಾಗುವುದು ಇದರ ಅರ್ಥ.

1789ರ ಅಮೆರಿಕನ್ ಪ್ರಾರ್ಥನಾ ಪುಸ್ತಕದಲ್ಲಿ ಹಣೆಯ ಮೇಲಿನ ಶಿಲುಬೆಯ ಗುರುತನ್ನು ಮಗುವನ್ನು ಕರೆತಂದವರು ಬೇಡವೆಂದರೆ ಬಿಡಬಹುದಿತ್ತು. ಈ ಪದವನ್ನು ಬಿಡಲು ಅಂಥ ಅನುಮತಿ ಇರಲಿಲ್ಲ. ಮುಂದಿನ ಅನಾಹುತಕ್ಕೆಲ್ಲ ಬೇರು ಇದೇ. ಇಂಗ್ಲೆಂಡ್ ಸಭೆಯ ಪರಂಪರೆಯಿಂದ ಬಂದ, ಬಿಷಪ್‌ಗಳಿರುವ ಎಪಿಸ್ಕೋಪಲ್ ಸಭೆಯನ್ನು (ಚರ್ಚ್) ಒಟ್ಟಿಗೆ ಹಿಡಿದಿದ್ದದ್ದು ಉದ್ದನೆಯ ಸಿದ್ಧಾಂತ ಪತ್ರಕ್ಕಿಂತ ಹೆಚ್ಚಾಗಿ ಎಲ್ಲರೂ ಒಂದೇ ರೀತಿ ಓದುವ ಆರಾಧನಾ ಕ್ರಮ. ಸಭೆಯ ಬೋಧನೆಗೂ ಆರಾಧನೆಗೂ ಬದ್ಧನಾಗಿರುತ್ತೇನೆ ಎಂದು ಪ್ರತಿ ಪಾದ್ರಿಯೂ ಪಾದ್ರಿ ದೀಕ್ಷೆಗೆ ಮುಂಚೆ ಸಹಿ ಹಾಕುತ್ತಿದ್ದ. ಹಾಗಾಗಿ ಒಂದು ಪದವನ್ನು ನುಂಗಿಕೊಂಡರೂ ಅದು ಕೊಟ್ಟ ಮಾತಿಗೆ ತಪ್ಪಿದಂತೆ.

ಪಶ್ಚಾತ್ತಾಪ, ಮನಪರಿವರ್ತನೆಗಳಿಗೆ ಒತ್ತು ಕೊಡುತ್ತಿದ್ದ ಇವ್ಯಾಂಜೆಲಿಕಲ್ ಪಾದ್ರಿಗಳು ದಶಕಗಳ ಕಾಲ ಇದನ್ನು ಓದಿಕೊಂಡೇ ಬಂದಿದ್ದರು. ಇದು ಸಭೆಯೊಳಗೆ ಮಗುವಿಗೆ ಸಿಕ್ಕ ಹೊಸ ಸ್ಥಾನದ ಮಾತು, ಅಥವಾ ಮುಂದೆ ಈ ಮಗು ನಂಬುತ್ತದೆ ಎಂಬ ಭರವಸೆಯ ಮಾತು ಎಂದು ಅವರು ಅರ್ಥ ಮಾಡಿಕೊಳ್ಳುತ್ತಿದ್ದರು. ಆ ನೆಮ್ಮದಿ ಕೆಟ್ಟದ್ದು 1833ರಲ್ಲಿ ಆಕ್ಸ್‌ಫರ್ಡ್‌ನಿಂದ, ಇಂಗ್ಲೆಂಡ್ ಸಭೆಯನ್ನು ಹಳೆಯ ಕ್ಯಾಥೊಲಿಕ್ ಪರಂಪರೆಯತ್ತ ಕರೆಯುವ ಕಿರುಹೊತ್ತಿಗೆಗಳು ಹೊರಡತೊಡಗಿದಾಗ. 1835ರಲ್ಲಿ ಅವುಗಳ ಲೇಖಕರಲ್ಲೊಬ್ಬರಾದ ಎಡ್ವರ್ಡ್ ಪ್ಯೂಸಿ ದೀಕ್ಷಾಸ್ನಾನದ ಬಗ್ಗೆ ಬರೆದು, ಆ ನೀರಿನಲ್ಲೇ ಹೊಸ ಜನ್ಮ ನಿಜವಾಗಿ ಆಗುತ್ತದೆ ಎಂದು ವಾದಿಸಿದರು. ಅದೇ ಸಾಲು ಈಗ ಒಂದು ಪಕ್ಷದ ಬಾವುಟವಾಯಿತು. ಇನ್ನೊಂದು ಪಕ್ಷಕ್ಕೆ ಗಂಟಲಲ್ಲಿ ಸಿಕ್ಕಿಕೊಂಡಿತು.

1843ರ ಜುಲೈ 2ರಂದು ನ್ಯೂಯಾರ್ಕಿನ ಸೇಂಟ್ ಸ್ಟೀಫನ್ಸ್ ಚರ್ಚಿನಲ್ಲಿ ಈ ಬಿರುಕು ಎಲ್ಲರ ಕಣ್ಣಿಗೂ ಬಿತ್ತು. ರೋಮನ್ ಕ್ಯಾಥೊಲಿಕ್ ಸಭೆಯತ್ತ ಒಲವಿದೆಯೆಂಬ ಆರೋಪ ಹೊತ್ತಿದ್ದ ಆರ್ಥರ್ ಕೇರಿ ಎಂಬ ಯುವಕನಿಗೆ ಅಂದು ಪಾದ್ರಿ ದೀಕ್ಷೆ. ಆಕ್ಷೇಪವಿದ್ದವರು ಹೇಳಬಹುದು ಎಂದು ಬಿಷಪ್ ಕೇಳುವ ಘಟ್ಟ ಆ ಕ್ರಮದಲ್ಲಿದೆ. ಸಾಮಾನ್ಯವಾಗಿ ಯಾರೂ ಬಾಯಿ ತೆರೆಯುವುದಿಲ್ಲ. ಹ್ಯೂ ಸ್ಮಿತ್ ಮತ್ತು ಹೆನ್ರಿ ಆಂಥನ್ ಎಂಬ ಇಬ್ಬರು ಹಿರಿಯ ಪಾದ್ರಿಗಳು ಎದ್ದು ನಿಂತು ಪ್ರತಿಭಟನೆ ಓದಿದರು. ಬಿಷಪ್ ಒಂಡರ್‌ಡಾಂಕ್ ಕೇಳಿಸಿಕೊಂಡು, ದೀಕ್ಷೆ ಕೊಟ್ಟೇಬಿಟ್ಟರು. 1852ರಲ್ಲಿ ನಾರ್ತ್ ಕ್ಯಾರೊಲೈನಾದ ಬಿಷಪ್ ಐವ್ಸ್ ರೋಮನ್ ಕ್ಯಾಥೊಲಿಕ್ ಸಭೆ ಸೇರಿದಾಗ, ಇವ್ಯಾಂಜೆಲಿಕಲರಿಗೆ ತಮ್ಮ ಭಯ ನಿಜವೆನಿಸಿತು.

ಷಿಕಾಗೋದ ಕ್ರೈಸ್ಟ್ ಚರ್ಚಿನ ಪಾದ್ರಿ ಚಾರ್ಲ್ಸ್ ಎಡ್ವರ್ಡ್ ಚೀನಿ ಶಿಶುಗಳ ದೀಕ್ಷಾಸ್ನಾನದಲ್ಲಿ ಆ ಪದವನ್ನು ಬಿಟ್ಟು ಓದುತ್ತಿದ್ದರು. ಇಲಿನಾಯ್ಸ್ ಬಿಷಪ್ ಹೆನ್ರಿ ವೈಟ್‌ಹೌಸ್ 1869ರಲ್ಲಿ ಅವರನ್ನು ಸಭಾ ನ್ಯಾಯಾಲಯದ ಮುಂದೆ ನಿಲ್ಲಿಸಿದರು. ಚೀನಿ ನಾಗರಿಕ ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ಸಭೆಯ ಶಿಸ್ತು ಸಭೆಯ ನ್ಯಾಯಾಲಯಕ್ಕೆ ಬಿಟ್ಟದ್ದು ಎಂದು ಇಲಿನಾಯ್ಸ್ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಅಮಾನತಿಗೂ ಬಗ್ಗದೆ ಉಪದೇಶ ಮುಂದುವರಿಸಿದ್ದರಿಂದ 1871ರಲ್ಲಿ ಅವರ ಪಾದ್ರಿ ಪದವಿಯೇ ಹೋಯಿತು. ಸಭಿಕರು ಮಾತ್ರ ಅವರನ್ನು ಬಿಡಲಿಲ್ಲ.

ಅದೇ ವರ್ಷದ ಅಕ್ಟೋಬರಿನಲ್ಲಿ ಬಾಲ್ಟಿಮೋರ್‌ನಲ್ಲಿ ಸೇರಿದ ಬಿಷಪ್‌ಗಳು ಒಂದು ಘೋಷಣೆ ಹೊರಡಿಸಿದರು: ಶಿಶು ದೀಕ್ಷಾಸ್ನಾನದ ಕ್ರಮದಲ್ಲಿ ಈ ಪದವಿರುವುದರಿಂದಲೇ, ಸಂಸ್ಕಾರದಲ್ಲಿ ಮಗುವಿನ ನೈತಿಕ ಸ್ವಭಾವ ಬದಲಾಗುತ್ತದೆ ಎಂದು ತೀರ್ಮಾನಿಸಿದಂತಾಗುವುದಿಲ್ಲ. ಚೀನಿಗೆ ಬೇಕಿದ್ದ ಅರ್ಥ ಬಹುಪಾಲು ಇದೇ. ಎರಡು ವರ್ಷ ಮೊದಲು ಇಷ್ಟನ್ನೇ ಹೇಳಿದ್ದರೆ ವಿಚಾರಣೆಯ ಹುರುಪೇ ಇಳಿಯುತ್ತಿತ್ತೇನೋ. ಆದರೆ ಘೋಷಣೆ ಅರ್ಥವನ್ನು ಸಡಿಲಿಸಿತೇ ಹೊರತು ಓದುವ ಕಡ್ಡಾಯವನ್ನಲ್ಲ. ಪದಚ್ಯುತಿಯೂ ಹಾಗೇ ಉಳಿಯಿತು.

ಕೊನೆಯ ಕಿಡಿ ಇನ್ನೊಂದು ಸಂಸ್ಕಾರದಿಂದ ಬಂತು. 1873ರ ಅಕ್ಟೋಬರ್ 12ರಂದು ಕೆಂಟಕಿಯ ಸಹಾಯಕ ಬಿಷಪ್ ಜಾರ್ಜ್ ಡೇವಿಡ್ ಕಮಿನ್ಸ್ ನ್ಯೂಯಾರ್ಕಿನ ಒಂದು ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿ ಪ್ರಭುಭೋಜನ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರ) ನಡೆಸಿಕೊಡುವುದರಲ್ಲಿ ಕೈಜೋಡಿಸಿದರು. ಬಿಷಪ್‌ಗಳಿಲ್ಲದ ಸಭೆಯ ಮೇಜಿನ ಬಳಿ ಬಿಷಪ್ಪನಿಗೇನು ಕೆಲಸ ಎಂದು ಪತ್ರಿಕೆಗಳಲ್ಲಿ ಟೀಕೆ ಸುರಿಯಿತು. ನವೆಂಬರ್ 10ರಂದು ಕಮಿನ್ಸ್ ರಾಜೀನಾಮೆ ಬರೆದರು. ಡಿಸೆಂಬರ್ 2ರಂದು ಅವರ ನೇತೃತ್ವದಲ್ಲಿ ರಿಫಾರ್ಮ್ಡ್ ಎಪಿಸ್ಕೋಪಲ್ ಚರ್ಚ್ ಎಂಬ ಹೊಸ ಸಭೆ ಹುಟ್ಟಿತು. ಅದು ಖಂಡಿಸಿದ ತಪ್ಪುಗಳ ಪಟ್ಟಿಯಲ್ಲಿ, ಹೊಸ ಜನ್ಮ ದೀಕ್ಷಾಸ್ನಾನಕ್ಕೆ ಬಿಡದೆ ಅಂಟಿಕೊಂಡಿದೆ ಎಂಬ ಬೋಧನೆಯೂ ಒಂದು.

ಡಿಸೆಂಬರ್ 14ರಂದು ಷಿಕಾಗೋದಲ್ಲಿ ಕಮಿನ್ಸ್ ಚೀನಿಯನ್ನು ಬಿಷಪ್ ಆಗಿ ಅಭಿಷೇಕಿಸಿದರು. ಹಳೆಯ ನಿಯಮದ ಪ್ರಕಾರ ಇದಕ್ಕೆ ಮೂವರು ಬಿಷಪ್‌ಗಳು ಬೇಕು, ಅಲ್ಲಿದ್ದದ್ದು ಒಬ್ಬರೇ. ಈ ಅಭಿಷೇಕ ಸಿಂಧುವೇ ಎಂಬುದು ಮತ್ತೊಂದು ಜಗಳವಾಯಿತು. ಹೊಸ ಸಭೆ 1874ರಲ್ಲಿ ತನ್ನದೇ ಪ್ರಾರ್ಥನಾ ಪುಸ್ತಕ ತಂದು ಆ ಪದವನ್ನು ತೆಗೆಯಿತು. ಹಳೆಯ ಸಭೆಯ 1892ರ ಪರಿಷ್ಕರಣೆಯಲ್ಲೂ 1928ರ ಪರಿಷ್ಕರಣೆಯಲ್ಲೂ ಅದು ಇದ್ದ ಜಾಗದಲ್ಲೇ ಉಳಿಯಿತು.