ಕಲ್ಯಾಣದ ಪರುಷ, ಪಾದರಸದ ದೇಹ

ಬೀದರಿನಲ್ಲಿ ಬಿದರಿ ಕೆಲಸ ನೋಡಲು ಹೋದವರು ಕೊನೆಯ ಹಂತದವರೆಗೆ ಕಾಯಬೇಕು. ಅಲ್ಲಿವರೆಗೂ ಹೂದಾನಿ ಬೂದುಬೂದಾಗಿರುತ್ತದೆ, ಕೂರಿಸಿದ ಬೆಳ್ಳಿ ತಂತಿ ಎದ್ದು ಕಾಣುವುದೇ ಇಲ್ಲ. ಆಮೇಲೆ ಕೋಟೆಯೊಳಗಿನ ಮಣ್ಣು ಬರುತ್ತದೆ. ಬಿಸಿಲು, ಮಳೆ ತಾಗದ ಜಾಗದ್ದು. ಚಿಟಿಕೆ ಮಣ್ಣನ್ನು ನಾಲಿಗೆ ಮೇಲಿಟ್ಟು ರುಚಿ ನೋಡಿಯೇ ಆರಿಸುತ್ತಾರೆ. ನವಸಾಗರದ (ಅಮೋನಿಯಂ ಕ್ಲೋರೈಡ್) ಜೊತೆ ನೀರಲ್ಲಿ ಕಲಸಿ, ಬಿಸಿ ಮಾಡಿದ ಹೂದಾನಿಗೆ ಉಜ್ಜಿದರೆ ಸತು-ತಾಮ್ರದ ಮೈ ಕಡುಗಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮೊದಲ ಸಲ ನೋಡಿದವರಿಗೆ ಇದು ಮಾಟವೇ, ಅಲ್ವಾ?

ಕೀಳು ಲೋಹವನ್ನು ಬಂಗಾರ ಮಾಡಲು ಹೊರಟ ಹಳೆಯ ರಸವಾದಿಗಳ ನಂಬಿಕೆ ಹುಟ್ಟಿದ್ದು ಇಂಥ ನೋಟದಿಂದಲೇ ಇರಬೇಕು. ಸತುವಿನ ಅದಿರನ್ನು ತಾಮ್ರದ ಜೊತೆ ಕಾಯಿಸಿದರೆ ಹಳದಿ ಲೋಹ ಸಿಗುತ್ತದೆ. ನಮಗೆ ಅದು ಹಿತ್ತಾಳೆ. ಅವರ ಗ್ರಂಥಗಳಲ್ಲಿ ಮಾತ್ರ ತಾಮ್ರ ಬಂಗಾರದ ಕಡೆ ಇಟ್ಟ ಹೆಜ್ಜೆ.

ಆದರೆ ಬಂಗಾರ ಅವರ ಕೊನೆಯ ಗುರಿ ಆಗಿರಲಿಲ್ಲ. ಸುಮಾರು 11-12ನೇ ಶತಮಾನದ 'ರಸಾರ್ಣವ' ಎಂಬ ಗ್ರಂಥ ಶಿವ ಮತ್ತು ದೇವಿಯ ಮಾತುಕತೆಯ ರೂಪದಲ್ಲಿದೆ. ಅದರ ಸೂತ್ರ ಚಿಕ್ಕದು: ಲೋಹದಲ್ಲಿ ಹೇಗೋ ದೇಹದಲ್ಲೂ ಹಾಗೆ. ಪಾದರಸವನ್ನು ಮೊದಲು ಲೋಹದ ಮೇಲೆ ಪರೀಕ್ಷಿಸು, ಆಮೇಲೆ ಮೈಗೆ ಬಳಸು. ತಾಮ್ರ ಬಂಗಾರವಾದರೆ ರಸ ಪಕ್ವವಾಗಿದೆ ಎಂದರ್ಥ. ಅಂದರೆ ಬಂಗಾರ ಬರೀ ಅಗುಳು ಒತ್ತಿ ನೋಡಿದ ಹಾಗೆ, ಊಟ ಬೇರೆಯೇ ಇತ್ತು.

ಪಾದರಸವನ್ನು ಪಳಗಿಸಲು 18 ಸಂಸ್ಕಾರಗಳು, ಅಂದರೆ ಶುದ್ಧಿಯ ಹಂತಗಳು. ಮೊದಲನೆಯದು ಸ್ವೇದನ. ಪಾದರಸವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಹುಳಿ ಗಂಜಿಯ ಮಡಕೆಯಲ್ಲಿ ತೂಗುಬಿಟ್ಟು ಕಾಯಿಸಬೇಕು. ಆಮೇಲೆ ಅರೆಯುವುದು, ಮತ್ತೆ ತೊಳೆಯುವುದು. ಈ ರಸ ಶಿವನ ವೀರ್ಯ ಎಂದು ನಂಬಿದವನಿಗೆ ಅರೆಯುವುದೂ ಪೂಜೆಯೇ.

14ನೇ ಶತಮಾನದ ಮಾಧವರ 'ಸರ್ವದರ್ಶನಸಂಗ್ರಹ'ದಲ್ಲಿ ಈ ಪಂಥಕ್ಕೆ ಒಂದು ಅಧ್ಯಾಯವೇ ಇದೆ, 'ರಸೇಶ್ವರ ದರ್ಶನ' ಅಂತ. ಈ ಪಂಥದವರ ವಾದ ನನಗೆ ತುಂಬಾ ಇಷ್ಟ. ಬೇರೆ ದರ್ಶನಗಳು ಸತ್ತ ಮೇಲೆ ಮುಕ್ತಿ ಅನ್ನುತ್ತವೆ. ಅದು ಅಂಗೈ ನೆಲ್ಲಿಕಾಯಿಯಂತೆ ಕಾಣುವುದಿಲ್ಲವಲ್ಲ! ಇರುವಾಗಲೇ ಬೇಕು ಅಂದರೆ ಮೈ ಗಟ್ಟಿ ಉಳಿಯಬೇಕು. ಮೈ ಉಳಿಸುವವನು ಪಾದರಸ. ಪಾರ, ಅಂದರೆ ಆಚೆ ದಡ ಮುಟ್ಟಿಸುವುದರಿಂದಲೇ ಪಾದರಸಕ್ಕೆ ಸಂಸ್ಕೃತದಲ್ಲಿ ಪಾರದ ಎಂದು ಹೆಸರು. (ಪಾದರಸದ ಆವಿ ಮೆದುಳು, ಮೂತ್ರಪಿಂಡ ಕೆಡಿಸುತ್ತದೆ. ಸುಮ್ನೆ ಪ್ರಯೋಗಕ್ಕೆ ಇಳಿಯಬೇಡಿ.)

ಈ ಗಟ್ಟಿ ಮೈಯ ಆಸೆಗೆ ಕಟುವಾದ ಉತ್ತರ ಬಂದದ್ದು ಶರಣರ ಪರಂಪರೆಯಿಂದ. 15ನೇ ಶತಮಾನದ 'ಪ್ರಭುಲಿಂಗಲೀಲೆ', 'ಶೂನ್ಯಸಂಪಾದನೆ' ಎರಡರಲ್ಲೂ ಅಲ್ಲಮಪ್ರಭುವಿಗೆ ನಾಥಪಂಥದ ಸಿದ್ಧಯೋಗಿ ಗೋರಕ್ಷ ಎದುರಾಗುತ್ತಾನೆ. ತನ್ನದು ವಜ್ರದ ಮೈ, ಕಡಿದು ನೋಡು ಅನ್ನುತ್ತಾನೆ. ಅಲ್ಲಮ ಕತ್ತಿ ಬೀಸಿದರೆ ಖಣ್ ಎಂಬ ಸದ್ದು, ಗಾಯವಿಲ್ಲ. ಈಗ ಅಲ್ಲಮನ ಸರದಿ. ಗೋರಕ್ಷ ಬೀಸಿದ ಕತ್ತಿ ಗಾಳಿಯಲ್ಲಿ ಆಡಿದಂತೆ ಅವನ ಮೈಯೊಳಗೆ ಹಾದುಹೋಗುತ್ತದೆ. ಸದ್ದೇ ಇಲ್ಲ. ಇದು ಕಾವ್ಯದ ಕತೆ, ಚರಿತ್ರೆಯಲ್ಲ. ಆದರೆ ರಸವಾದಿಯ ಕನಸನ್ನು ಇಷ್ಟು ಚುಟುಕಾಗಿ ಅಲ್ಲಗಳೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಸದ್ದು ಮಾಡುವ ಮೈ ಇನ್ನೂ ಲೋಹವೇ.

ಹಾಗಂತ ಶರಣರು ರಸವಾದಿಗಳ ಮಾತನ್ನು ಬಿಟ್ಟುಕೊಡಲಿಲ್ಲ. ಸಿದ್ಧರಸ (ಪಕ್ವವಾದ ಪಾದರಸ), ಪರುಷ (ಮುಟ್ಟಿದ ಕಬ್ಬಿಣವನ್ನು ಬಂಗಾರ ಮಾಡುವ ಕಲ್ಲು) ಎಂಬ ಪದಗಳನ್ನು ವಚನಗಳೊಳಗೆ ತಂದುಕೊಂಡರು. ಕಬ್ಬಿಣದ ಜಾಗದಲ್ಲಿ ಮನುಷ್ಯ ಬಂದ, ಪರುಷದ ಜಾಗದಲ್ಲಿ ಗುರು, ಲಿಂಗ ಬಂದವು. ಬಸವಕಲ್ಯಾಣದಲ್ಲಿ ಬಸವಣ್ಣನವರ ನೆನಪಿನ ಜಾಗಕ್ಕೆ ಇವತ್ತಿಗೂ ಪರುಷಕಟ್ಟೆ ಅಂತಲೇ ಹೆಸರು. ಅಲ್ಲಿ ಕುಲುಮೆಯೂ ಇಲ್ಲ, ಮೂಸೆಯೂ ಇಲ್ಲ.

ದುಡ್ಡಿನಾಸೆಯ ರಸವಾದ ಮಾತ್ರ ಬೇರೆ ವೇಷದಲ್ಲಿ ಬದುಕಿಕೊಂಡಿದೆ. ಕಲಬುರಗಿಯಲ್ಲಿ ನಮ್ಮ ದೊಡ್ಡವ್ವನ ಮನೆ ಬಾಗಿಲಿಗೆ ಒಬ್ಬ ಬಂಗಾರ ಪಾಲಿಶ್ ಮಾಡಿಕೊಡ್ತೀನಿ ಅಂತ ಬಂದಿದ್ದ. ಬಳೆಗಳನ್ನು ಯಾವುದೋ ನೀರಲ್ಲಿ ಅದ್ದಿ, ಉಜ್ಜಿ, ಫಳಫಳ ಅನ್ನಿಸಿ ಕೊಟ್ಟ. ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದರೆ ಬಂಗಾರವೂ ಕರಗುತ್ತದೆ ಎಂದು ನನಗೆ ಗೊತ್ತಾದದ್ದು ಆಮೇಲೆ. ಅವನು ಆ ನೀರನ್ನು ಚೆಲ್ಲದೆ ಜೋಪಾನವಾಗಿ ಡಬ್ಬಿಗೆ ಬಗ್ಗಿಸಿಕೊಂಡು ಹೋದ. ತೂಕ ಹಾಕಿಸಿ ಬಂದ ದಿನ ದೊಡ್ಡವ್ವ ಊಟ ಮಾಡಲಿಲ್ಲ.