ಬಾಡಿಗೆ ಟ್ರೆಂಚರ್‌ನಲ್ಲಿ ಪೈಪು, ಕೇಬಲ್ಲಿಗೆ ಟ್ರೆಂಚ್: ಎರೆಗೊಂದು ಲೆಕ್ಕ, ಗರಸಿಗೊಂದು ಲೆಕ್ಕ

ಬೋರ್‌ವೆಲ್‌ನಿಂದ ತೋಟದ ತೊಟ್ಟಿಗೆ 300 ಮೀಟರ್ ಪೈಪು ಹೂಳಬೇಕು, ಆಳ 75 ಸೆಂ.ಮೀ. ಎಂದುಕೊಳ್ಳಿ. ಜೆಸಿಬಿಯ 60 ಸೆಂ.ಮೀ. ಬಕೆಟ್ಟಿನಲ್ಲಿ ತೆಗೆಸಿದರೆ 300 × 0.60 × 0.75, ಅಂದರೆ 135 ಘನ ಮೀಟರ್ ಮಣ್ಣು ಮೇಲೆ ಬರುತ್ತದೆ. 15 ಸೆಂ.ಮೀ. ಅಗಲದ ಚೈನ್ ಟ್ರೆಂಚರ್ (ಹಲ್ಲಿರುವ ಚೈನಿನಿಂದ ಕಿರಿದಾದ ಕಾಲುವೆ ತೋಡುವ ಯಂತ್ರ) ಆದರೆ 33.75 ಘನ ಮೀಟರ್, ಕಾಲು ಭಾಗ ಮಾತ್ರ. ತೆಗೆದದ್ದನ್ನೆಲ್ಲ ಮತ್ತೆ ಮುಚ್ಚಬೇಕಲ್ಲ, ಉಳಿತಾಯ ಎರಡು ಸಲ ಸಿಗುತ್ತದೆ. ಹೊಲದ ಮೇಲ್ಮಣ್ಣೂ ಅಷ್ಟಾಗಿ ಕೆಡುವುದಿಲ್ಲ. ಆದರೆ ಈ ಲಾಭವೆಲ್ಲ ಕೈಗೆ ಬರುವುದು ಮಣ್ಣನ್ನು ಮೊದಲೇ ಓದಿಕೊಂಡವರಿಗೆ. ಹರಿಹರದ ಕಡೆಯ ಎರೆಯಲ್ಲಿ (ಕಪ್ಪು ಜಿಗುಟು ಮಣ್ಣು) ಚೆನ್ನಾಗಿ ಓಡಿದ ಅದೇ ಮಷೀನು, ಅದೇ ಹಲ್ಲು ಹೊಸದುರ್ಗದ ಕಡೆಯ ಗರಸಿಗೆ (ಕಲ್ಲುಚೂರು ಬೆರೆತ ಗಟ್ಟಿ ನೆಲ) ಬಂದಾಗ ಅರ್ಧ ದಿನದಲ್ಲಿ ಮೊಂಡಾಗಿ ನಿಂತುಬಿಡಬಹುದು.

ಮಷೀನಿನ ಭಾಗಗಳು

ನಮ್ಮ ಕಡೆ ಬಾಡಿಗೆಗೆ ಹೆಚ್ಚಾಗಿ ಸಿಗುವುದು ಟ್ರಾಕ್ಟರಿನ ಹಿಂದೆ ಪಿಟಿಒ ಶಾಫ್ಟಿಗೆ (ಎಂಜಿನ್ನಿನ ಶಕ್ತಿಯನ್ನು ಹಿಂದಿನ ಉಪಕರಣಕ್ಕೆ ಕೊಡುವ ತಿರುಗುವ ದಂಡ) ಜೋಡಿಸುವ ಟ್ರೆಂಚರ್. ಮನೆ ಸುತ್ತಮುತ್ತಲಿನ ಕೆಲಸಕ್ಕೆ ಕೈಯಲ್ಲಿ ಹಿಡಿದು ನಡೆಸುವ ಸಣ್ಣದೂ ಇದೆ. ಎರಡರಲ್ಲೂ ಅಂಗಗಳು ಒಂದೇ. ಉದ್ದನೆಯ ಪಟ್ಟಿಯಂಥ ಬೂಮ್, ಅದರ ಸುತ್ತ ಗರಗಸದಂತೆ ಓಡುವ ಚೈನ್, ಚೈನಿನ ಮೇಲೆ ಬೋಲ್ಟಿನಿಂದ ಬಿಗಿದ ಹಲ್ಲುಗಳು, ಮೇಲೆ ಬಂದ ಮಣ್ಣನ್ನು ಪಕ್ಕಕ್ಕೆ ತಳ್ಳುವ ಸುರುಳಿಯಾಕಾರದ ಆಗರ್. ಬೂಮಿನ ಹಿಂದೆ ಟ್ರೆಂಚಿನ ತಳ ಕೆರೆದುಕೊಂಡು ಬರುವ ಒಂದು ತಗಡಿನ ಪಾದ ಇರುತ್ತದೆ. ಅದು ಇಲ್ಲದಿದ್ದರೆ ಸಡಿಲ ಮಣ್ಣು ತಳದಲ್ಲೇ ಉಳಿಯುತ್ತದೆ. ಕೋಲು ಇಟ್ಟು ಅಳೆದಾಗ ಆಳ ಕಡಿಮೆ ತೋರಿಸುವುದು ಅದಕ್ಕೇ.

ಶಿಯರ್ ಬೋಲ್ಟ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಹಲ್ಲು ಬಂಡೆಗೆ ಸಿಕ್ಕಿ ಚೈನ್ ನಿಂತಾಗ ಗೇರ್‌ಬಾಕ್ಸ್ ಮುರಿಯದಿರಲಿ ಎಂದು ತಾನು ಮುರಿಯುವ ಬೋಲ್ಟ್ ಇದು. ಪದೇಪದೇ ತುಂಡಾಗುತ್ತದೆಂದು ಗಟ್ಟಿ ಹೈಟೆನ್ಸಿಲ್ ಬೋಲ್ಟ್ ಹಾಕಿದರೆ ಮುಂದಿನ ಕಲ್ಲಿಗೆ ಗೇರಿನ ಹಲ್ಲೇ ಹೋಗುತ್ತದೆ. ಅದೇ ಅಳತೆ, ಅದೇ ದರ್ಜೆಯ ಐದಾರು ಬೋಲ್ಟ್‌ಗಳನ್ನು ಮಷೀನಿನ ಜೊತೆಗೇ ಕೇಳಿ ತನ್ನಿ.

ಕ್ರೀಪರ್ ಗೇರ್ ಇಲ್ಲದ ಟ್ರಾಕ್ಟರ್ ಬೇಡ

ಇದನ್ನು ಹಲವರು ಕಡೆಗಣಿಸುತ್ತಾರೆ. ಗಂಟೆಗೆ 100 ಮೀಟರ್ ಟ್ರೆಂಚ್ ಎಂದರೆ ನಿಮಿಷಕ್ಕೆ 1.67 ಮೀಟರ್. ಸಾಮಾನ್ಯ ಟ್ರಾಕ್ಟರು ಲೋ ಫಸ್ಟ್‌ನಲ್ಲಿ ಗಂಟೆಗೆ 2 ಕಿ.ಮೀ. ಹೋಗುತ್ತದೆ ಎಂದರೂ ನಿಮಿಷಕ್ಕೆ 33 ಮೀಟರ್ ಆಯಿತು, ಬೇಕಾದದ್ದಕ್ಕಿಂತ 20 ಪಟ್ಟು. ಆಕ್ಸಿಲರೇಟರ್ ಇಳಿಸಿ ನಿಧಾನ ಮಾಡೋಣವೆಂದರೆ ಪಿಟಿಒ ವೇಗವೂ ಇಳಿಯುತ್ತದೆ, ಚೈನಿಗೆ 540 ಆರ್‌ಪಿಎಂ ಸಿಗುವುದಿಲ್ಲ. ಆಗ ಡ್ರೈವರ್ ಮಾಡುವುದು ಒಂದೇ: ಅರ್ಧ ಕ್ಲಚ್ ಒತ್ತಿ ಜಗ್ಗಿ ಜಗ್ಗಿ ಮುಂದೆ ಹೋಗುವುದು. ಒಂದೇ ದಿನದಲ್ಲಿ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುತ್ತದೆ. ಎಂಜಿನ್ ಪೂರ್ತಿ ವೇಗದಲ್ಲಿದ್ದೂ ಗಾಲಿ ಆಮೆಯಂತೆ ಚಲಿಸಬೇಕು, ಅದಕ್ಕೆ ಕ್ರೀಪರ್ ಗೇರೇ ಬೇಕು. ಬಾಡಿಗೆ ಮಾತಾಡುವಾಗ ಎಚ್‌ಪಿ ಎಷ್ಟು ಎಂದು ಕೇಳುವ ಮೊದಲು ಇದನ್ನು ಕೇಳಿ.

ಮಣ್ಣು ಓದುವುದು

ಎರೆ ಮಣ್ಣಿಗೆ ಅಗಲವಾದ ಕಪ್ ಹಲ್ಲು ಸಾಕು, ಹೆರೆದು ಎತ್ತಿಹಾಕುತ್ತದೆ. ಇಲ್ಲಿನ ತೊಂದರೆ ಗಟ್ಟಿತನದ್ದಲ್ಲ, ಹದದ್ದು. ಭದ್ರಾ ಚಾನಲ್ ನೀರು ಹರಿಯುತ್ತಿರುವಾಗ ಅಥವಾ ಗದ್ದೆಯ ನೀರು ಬಸಿಯುವ ಮುಂಚೆ ಇಳಿದರೆ ಮಣ್ಣು ಚೈನಿನ ಕೊಂಡಿಗಳ ನಡುವೆ ರಾಗಿ ಮುದ್ದೆಯ ಹಾಗೆ ಮೆತ್ತಿಕೊಳ್ಳುತ್ತದೆ. ಆಗರ್ ತಿರುಗುತ್ತಿರುತ್ತದೆ, ಮಣ್ಣು ಪಕ್ಕಕ್ಕೆ ಹೋಗದೆ ಅದೇ ಟ್ರೆಂಚಿಗೆ ವಾಪಸ್ ಬೀಳುತ್ತದೆ. ಇನ್ನು ಏಪ್ರಿಲ್, ಮೇ ತಿಂಗಳಲ್ಲಿ ಎರೆ ಬಾಯಿ ಬಿಟ್ಟಿರುತ್ತದೆ. ಬಿರುಕು ಇದ್ದಲ್ಲಿ ಪಕ್ಕದ ಗೋಡೆ ಹೆಂಟೆ ಹೆಂಟೆಯಾಗಿ ಕಳಚಿ ಬೂಮಿನ ಮೇಲೆ ಕೂರುತ್ತದೆ. ಟ್ರೆಂಚ್ 15 ಸೆಂ.ಮೀ. ಬದಲು 30 ಆದರೆ ಯಂತ್ರದ ತಪ್ಪೇನೂ ಅಲ್ಲ.

ಹದ ನೋಡುವ ಬಗೆ: ಒಂದು ಅಡಿ ಕೆಳಗಿನ ಮಣ್ಣು ತೆಗೆದು ಮುಷ್ಟಿಯಲ್ಲಿ ಬಿಗಿಯಾಗಿ ಹಿಸುಕಿ. ಉಂಡೆ ಕಟ್ಟಬೇಕು, ಸೊಂಟದೆತ್ತರದಿಂದ ಬಿಟ್ಟರೆ ಒಡೆಯಬೇಕು. ಅಂಗೈಗೆ ಅಂಟಿದರೆ ಇನ್ನೂ ಕಾಯಿರಿ. ಉಂಡೆಯೇ ಕಟ್ಟದೆ ಚೂರಾದರೆ ಒಂದು ಹದಮಳೆ ಬರಲಿ, ಇಲ್ಲವೇ ಟ್ರೆಂಚಿನ ಗೆರೆಯ ಮೇಲೆ ನೀರು ಬಿಟ್ಟು ಎರಡು ಮೂರು ದಿನ ಬಿಡಿ. ಎರೆಯ ಕೆಳಗೆ ಸುಣ್ಣಕಲ್ಲಿನ ಪದರ ಬರುವುದೂ ಉಂಟು. ಬಿಳಿ ಚೂರು ಮೇಲೆ ಬರಲು ಶುರುವಾದ ಕೂಡಲೇ ವೇಗ ಅರ್ಧಕ್ಕೆ ಇಳಿಸಿ.

ಚಿತ್ರದುರ್ಗದ ಕೆಂಪು ಹೊಲದಲ್ಲಿ ಲೆಕ್ಕ ತಿರುಗುಮುರುಗು. ಮಳೆ ಬಂದ ಮರುದಿನವೇ ಇಳಿಯಬಹುದು, ಅಂಟುವುದಿಲ್ಲ. ಆದರೆ ಅಡಿ, ಒಂದೂವರೆ ಅಡಿ ಆದಮೇಲೆ ಗರಸು, ನೊರಜುಗಲ್ಲು, ನಡುವೆ ಗುಂಡುಕಲ್ಲು. ಇಲ್ಲಿ ಕಾರ್ಬೈಡ್ ತುದಿಯ ಚೂಪು ಹಲ್ಲು ಬೇಕು. ಕಪ್ ಹಲ್ಲು ಗರಸನ್ನು ಕಡಿಯುವುದಿಲ್ಲ, ಬರೀ ಉಜ್ಜುತ್ತದೆ. ಚೈನ್ ಕೂಗುತ್ತದೆ, ಹಲ್ಲು ಕಾಯುತ್ತದೆ, ಮುಂದೆ ಸಾಗುವುದಿಲ್ಲ. ತಲೆದಿಂಬಿನಷ್ಟು ದೊಡ್ಡ ಗುಂಡು ಸಿಕ್ಕಿದರೆ ಕೈಯಿಂದ ಕಿತ್ತು ತೆಗೆಯಬೇಕು. ಹಾಸುಬಂಡೆ ಸಿಕ್ಕಿದರೆ ಟ್ರೆಂಚರ್ ಕೆಲಸ ಅಲ್ಲಿಗೆ ಮುಗಿಯಿತು. ಒಂದೋ ಬಳಸಿಕೊಂಡು ಹೋಗಿ, ಇಲ್ಲವೇ ಬ್ರೇಕರ್ ತರಿಸಿ. ಹಿಂದಿನ ದಿನವೇ ಗೆರೆಯುದ್ದಕ್ಕೂ 20 ಮೀಟರಿಗೊಂದು ಕಡೆ ಹಾರೆ ಹಾಕಿ ನೋಡಿದರೆ ಇದೆಲ್ಲ ಬಾಡಿಗೆ ಗಂಟೆ ಓಡುವ ಮೊದಲೇ ಗೊತ್ತಾಗುತ್ತದೆ.

ನೆಲದೊಳಗೆ ಏನಿದೆ

ಸುಣ್ಣದ ಪುಡಿಯಲ್ಲಿ ಗೆರೆ ಹಾಕುವ ಮೊದಲು ಹಳೆಯ ಪೈಪು, ಪಂಪ್‌ಸೆಟ್ ಕೇಬಲ್, ಪಕ್ಕದ ಹೊಲದವರ ಲೈನು, ಜಲಜೀವನ್ ಯೋಜನೆಯ ನಲ್ಲಿ ಪೈಪು ಎಲ್ಲೆಲ್ಲಿ ಹಾದಿದೆ ಎಂದು ಕೇಳಿ ಗುರುತು ಮಾಡಿ. ರಸ್ತೆ ಅಂಚಿನಲ್ಲಿ ಓಎಫ್‌ಸಿ (ಫೋನ್, ಇಂಟರ್ನೆಟ್ಟಿನ ಆಪ್ಟಿಕಲ್ ಫೈಬರ್) ಕೇಬಲ್ಲಿನ ಗುರುತುಕಲ್ಲು ಹುಡುಕಿ. ದಾಬೋಲ್‌–ಬೆಂಗಳೂರು ಅನಿಲ ಕೊಳವೆ ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಮೂಲಕ ಹಾದುಹೋಗಿದೆ. ಅದರ ಗುರುತು ಕಂಬ ಕಂಡ ಕಡೆ ಲಿಖಿತ ಅನುಮತಿ ಇಲ್ಲದೆ ಸಲಿಕೆಯನ್ನೂ ಇಡಬೇಡಿ. ವಿದ್ಯುತ್ತಿನ ಬಗ್ಗೆ ಅನುಮಾನವಿದ್ದರೆ ಬೆಸ್ಕಾಂನ 1912ಕ್ಕೆ ಕರೆ ಮಾಡಿ. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ತಂದ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್‌ನಲ್ಲಿ ಅಗೆಯುವ ಜಾಗವನ್ನು ಮೊದಲೇ ತಿಳಿಸುವ ವ್ಯವಸ್ಥೆಯೂ ಇದೆ. ಹಳೆಯ ಲೈನ್ ದಾಟುವ ಕಡೆ ಎರಡೂ ಬದಿಯ ಎರಡೆರಡು ಅಡಿ ಜಾಗದಲ್ಲಿ ಬೂಮ್ ಎತ್ತಿಬಿಟ್ಟು, ಕೈಯಲ್ಲಿ ಅಗೆಯಿರಿ. ಪ್ಲಾಸ್ಟಿಕ್ ಪೈಪನ್ನು ಚೈನ್ ಕತ್ತರಿಸಿದರೆ ಮೇಲೆ ಕೂತವರಿಗೆ ಸದ್ದೂ ಕೇಳುವುದಿಲ್ಲ.

ಅಗೆಯುವಾಗ

ಚೈನ್ ಬಿಗುಪು ನೋಡಿ. ಬೂಮ್ ನೆಲದಿಂದ ಎತ್ತಿದಾಗ ಕೆಳಗಿನ ಚೈನ್ ನಡುವೆ ಸ್ವಲ್ಪ ಜೋತಿರಬೇಕು, ಎಷ್ಟೆಂಬುದು ಮಷೀನಿನ ಪುಸ್ತಕದಲ್ಲಿರುತ್ತದೆ. ತೀರಾ ಬಿಗಿಯಾದರೆ ತುದಿಯ ರೋಲರ್ ಬೇರಿಂಗ್ ಹೋಗುತ್ತದೆ, ಸಡಿಲವಾದರೆ ಚೈನ್ ಹಳಿ ತಪ್ಪುತ್ತದೆ. ಪ್ರತಿ ಹಲ್ಲನ್ನೂ ಕೈಯಲ್ಲಿ ಅಲ್ಲಾಡಿಸಿ ನೋಡಿ. ಆ ಹೊತ್ತಿಗೆ ಎಂಜಿನ್ ಆಫ್ ಆಗಿ ಕೀಲಿ ನಿಮ್ಮ ಜೇಬಿನಲ್ಲಿರಬೇಕು.

ಚೈನ್ ತಿರುಗುತ್ತಿರುವಾಗಲೇ ಬೂಮನ್ನು ನಿಧಾನವಾಗಿ ಇಳಿಸಿ. ಪೂರ್ತಿ ಆಳ ಮುಟ್ಟಿದ ಮೇಲೆ ಮಾತ್ರ ಟ್ರಾಕ್ಟರ್ ಹೊರಡಲಿ. ಬೂಮ್ ಓರೆಯಾಗಿ ನಿಲ್ಲುವುದರಿಂದ ಟ್ರೆಂಚಿನ ಎರಡೂ ತುದಿಯಲ್ಲಿ ಸುಮಾರು ಎರಡಡಿ ಪೂರ್ತಿ ಆಳ ಬರುವುದಿಲ್ಲ. ವಾಲ್ವ್ ಗುಂಡಿ ಬರುವ ಜಾಗದಿಂದ ಎರಡಡಿ ಹಿಂದೆ ಶುರು ಮಾಡಿ, ಆಚೆ ತುದಿಯಲ್ಲೂ ಅಷ್ಟೇ ಮುಂದೆ ಹೋಗಿ ನಿಲ್ಲಿಸಿ. ತಿರುವಿನಲ್ಲಿ ಬೂಮ್ ನೆಲದಲ್ಲಿದ್ದಾಗ ಸ್ಟೀರಿಂಗ್ ತಿರುಗಿಸಿದರೆ ಬೂಮೇ ಬಾಗುತ್ತದೆ. ಎತ್ತಿ, ಮಷೀನು ಹೊಸ ಗೆರೆಗೆ ನಿಲ್ಲಿಸಿ ಮತ್ತೆ ಇಳಿಸಿ. ಮೂಲೆಯನ್ನು ಗುದ್ದಲಿಯಿಂದ ಕೂಡಿಸಿ.

ವೇಗ ಸರಿಯಿದೆಯೇ ಎಂದು ಮಣ್ಣೇ ಹೇಳುತ್ತದೆ. ಆಗರ್ ಪಕ್ಕದಲ್ಲಿ ಸಮನಾದ ಬದುವಿನಂತೆ ಬೀಳುತ್ತಿದ್ದರೆ ಸರಿ. ಎಂಜಿನ್ ಸದ್ದು ಕುಗ್ಗಿ ಮಣ್ಣು ಗುಪ್ಪೆ ಗುಪ್ಪೆಯಾಗಿ ಬಿದ್ದರೆ ಓಟ ಜಾಸ್ತಿ. ಬರೀ ಪುಡಿ ಬರುತ್ತಿದ್ದರೆ ಒಂದೋ ಹಲ್ಲು ಮೊಂಡಾಗಿದೆ, ಇಲ್ಲ ನೀವು ತೀರಾ ನಿಧಾನ. ಹತ್ತು ಮೀಟರಿಗೊಮ್ಮೆ ಗುರುತು ಹಾಕಿದ ಕೋಲಿನಿಂದ ಆಳ ನೋಡಿ. ಬಿಗಿದ ಹುರಿಯಿಂದ ಅಳೆಯಿರಿ, ನೆಲದಿಂದಲ್ಲ. ಹೊಲ ಉಬ್ಬುತಗ್ಗಿದ್ದರೆ ತಳವೂ ಹಾಗೆಯೇ ಬಂದಿರುತ್ತದೆ.

ಕಲ್ಲು ಸಿಕ್ಕಿ ಚೈನ್ ನಿಂತಾಗ ಕ್ರಮ ತಪ್ಪಬಾರದು. ಪಿಟಿಒ ಬಿಡಿಸಿ, ಎಂಜಿನ್ ಆರಿಸಿ, ಎಲ್ಲ ನಿಂತ ಮೇಲೆ ಇಳಿದು ಹಾರೆಯಿಂದ ಕಲ್ಲು ಬಿಡಿಸಿ. 'ಸ್ವಲ್ಪ ತಿರುಗಿಸಪ್ಪಾ, ನಾನು ಎಳೀತೀನಿ' ಎನ್ನುವ ಮಾತು ಆ ಜಾಗದಲ್ಲಿ ಕೇಳಿಸಲೇಬಾರದು. ಪಿಟಿಒ ಶಾಫ್ಟ್ 540 ಆರ್‌ಪಿಎಂನಲ್ಲಿ ಸೆಕೆಂಡಿಗೆ 9 ಸುತ್ತು. 35 ಮಿ.ಮೀ. ದಪ್ಪದ ಶಾಫ್ಟಿಗೆ ಬಟ್ಟೆ ಸಿಕ್ಕಿದರೆ ಒಂದು ಸೆಕೆಂಡಿನಲ್ಲಿ ಸುಮಾರು ಒಂದು ಮೀಟರ್ ಸುತ್ತಿಕೊಳ್ಳುತ್ತದೆ. ಹೆಗಲ ಟವೆಲ್, ಪಂಚೆಯ ತುದಿ, ಸೆರಗು, ದುಪಟ್ಟಾ, ಯಾವುದೂ ಅದರ ಹತ್ತಿರ ಬೇಡ. ಶಾಫ್ಟಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಮಷೀನನ್ನೇ ವಾಪಸ್ ಕಳಿಸಿ. ಕೈಯಲ್ಲಿ ನಡೆಸುವ ಟ್ರೆಂಚರ್‌ನಲ್ಲಿ ಮಷೀನು ನಿಮ್ಮ ಕಡೆಗೇ ಬರುತ್ತದೆ, ನೀವು ಹಿಂದಕ್ಕೆ ನಡೆಯಬೇಕು. ಹಿಂದೆ ಬದು, ಕಲ್ಲು ಇದೆಯೇ ಎಂದು ಮೊದಲೇ ನಡೆದು ನೋಡಿಕೊಳ್ಳಿ.

ಪೈಪು, ಕೇಬಲ್ ಇಳಿಸುವಾಗ

15 ಸೆಂ.ಮೀ. ಟ್ರೆಂಚಿನೊಳಗೆ ಕೈ ಹಾಕಿ ಜಾಯಿಂಟ್ ಮಾಡಲಾಗದು. ಪಿವಿಸಿ ಪೈಪನ್ನು ಮೇಲೆಯೇ ಸಲ್ಯೂಷನ್ ಹಚ್ಚಿ ಜೋಡಿಸಿ, ಹಿಡಿದ ಮೇಲೆ ಇಳಿಸಿ. ಪಿವಿಸಿ ಬಿಸಿಲಿಗೆ ಹಿಗ್ಗುತ್ತದೆ: 100 ಮೀಟರ್ ಪೈಪು 20 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 14 ಸೆಂ.ಮೀ. ಮಧ್ಯಾಹ್ನ ಬಿಸಿ ಪೈಪು ನೇರವಾಗಿ ಎಳೆದು ಮುಚ್ಚಿದರೆ ರಾತ್ರಿ ಕುಗ್ಗಿ ಜಾಯಿಂಟನ್ನು ಜಗ್ಗುತ್ತದೆ. ಹಾವಿನಂತೆ ತುಸು ಅಂಕುಡೊಂಕಾಗಿ ಬಿಟ್ಟು, ಬೆಳಗಿನ ತಂಪಿನಲ್ಲಿ ಮುಚ್ಚಿ. ಜಾಯಿಂಟ್‌ಗಳನ್ನು ಮಾತ್ರ ತೆರೆದಿಟ್ಟು, 24 ಗಂಟೆ ಕಳೆದ ಮೇಲೆ ನೀರು ಬಿಟ್ಟು ನೋಡಿ.

ಕೇಬಲ್ಲಿಗೆ ನಿಯಮ ಬೇರೆ. 1.1 ಕೆವಿವರೆಗಿನ (1,100 ವೋಲ್ಟ್) ಕೇಬಲ್ 75 ಸೆಂ.ಮೀ. ಆಳದಲ್ಲಿರಬೇಕು. ಕೆಳಗೆ 7.5 ಸೆಂ.ಮೀ. ಮರಳಿನ ಹಾಸು ಬರುವುದರಿಂದ ಕೇಬಲ್ಲಿನ ದಪ್ಪವೂ ಸೇರಿ ಸುಮಾರು 85 ಸೆಂ.ಮೀ. ತೋಡಿಸಬೇಕು. 75ಕ್ಕೇ ಅಗೆಸಿದವರಿಗೆ ಮರಳು ಹಾಕುವ ಹೊತ್ತಿಗೆ ಆಳ ಸಾಲುವುದಿಲ್ಲ. ಮೇಲೆ ಮತ್ತೆ 7.5 ಸೆಂ.ಮೀ. ಮರಳು, ಅದರ ಮೇಲೆ ಉದ್ದುದ್ದಕ್ಕೆ ಇಟ್ಟಿಗೆ. 100 ಮೀಟರಿಗೆ ಮರಳು ಸುಮಾರು 2.25 ಘನ ಮೀಟರ್, ಅಂದರೆ 80 ಘನ ಅಡಿ. ಇಟ್ಟಿಗೆ 23 ಸೆಂ.ಮೀ. ಉದ್ದದ್ದಾದರೆ 435. ನೀರಿನ ಪೈಪು, ಕೇಬಲ್ ಎರಡನ್ನೂ ಒಂದೇ ಕಿರಿದಾದ ಟ್ರೆಂಚಿಗೆ ಹಾಕಬೇಡಿ. ಪೈಪು ಸೋರಿದಾಗ ಅಗೆಯುವವನ ಹಾರೆ ಮೊದಲು ಮುಟ್ಟುವುದು ಕೇಬಲ್ಲನ್ನೇ.

ಬಾಡಿಗೆ ಮಾತು

ಅಡಿ ಲೆಕ್ಕವೋ ಗಂಟೆ ಲೆಕ್ಕವೋ ಮೊದಲೇ ತೀರ್ಮಾನಿಸಿ. ಎರೆಯಲ್ಲಿ ಗಂಟೆ ಲೆಕ್ಕ ನಿಮಗೆ ಲಾಭ, ಗರಸಿನಲ್ಲಿ ಅಡಿ ಲೆಕ್ಕ. ಗಂಟೆಯಾದರೆ ಟ್ರಾಕ್ಟರಿನ ಗಂಟೆ ಮೀಟರ್ ಓದಿ ಫೋಟೊ ತೆಗೆದುಕೊಳ್ಳಿ. ಡೀಸೆಲ್, ಸವೆದ ಹಲ್ಲು, ಸಾಗಣೆ ಯಾರ ಲೆಕ್ಕಕ್ಕೆ ಎಂದೂ ಬರೆದಿಟ್ಟುಕೊಳ್ಳಿ.

ಮುಚ್ಚುವಾಗ ಮೊದಲ ಒಂದು ಗೇಣು ಕಲ್ಲಿಲ್ಲದ ಸಣ್ಣ ಮಣ್ಣು ಹಾಕಿ. ಗರಸು ನೇರ ಪೈಪಿನ ಮೇಲೆ ಬಿದ್ದರೆ ಟ್ರಾಕ್ಟರ್ ಓಡಾಡಿದಾಗ ಚೂಪುಗಲ್ಲು ಒತ್ತಿ ತೂತಾಗುತ್ತದೆ. ಎರೆಯಲ್ಲಿ ಹೆಂಟೆ ಒಡೆದು ತುಂಬಿ, ನೆಲಕ್ಕಿಂತ ನಾಲ್ಕು ಬೆರಳು ಎತ್ತರ ಬಿಡಿ. ಎರಡು ಮಳೆಗೆ ಕುಸಿದು ಸಮವಾಗುತ್ತದೆ. ಅಲ್ಲಿಯವರೆಗೆ ಆ ಗೆರೆಯ ಮೇಲೆ ಲೋಡು ತುಂಬಿದ ಟ್ರಾಲಿ ಹಾಯಿಸಬೇಡಿ.