ವಿಶ್ವವಿದ್ಯಾನಿಲಯದ ಉಪನ್ಯಾಸಕ್ಕೆ ನಮ್ಮಂಥವರು ಹೋಗಬಹುದೇ?

ಓದುಗರ ಪ್ರಶ್ನೆ: ನಾನು ಚಳ್ಳಕೆರೆಯವನು. ಪಿಯುಸಿಗೆ ಓದು ನಿಲ್ಲಿಸಿ, ತಂದೆಯವರು ನಡೆಸುತ್ತಿದ್ದ ಶೇಂಗಾ ವ್ಯಾಪಾರವನ್ನೇ ಮುಂದುವರಿಸಿದ್ದೇನೆ. ದಾವಣಗೆರೆ ವಿಶ್ವವಿದ್ಯಾನಿಲಯದಲ್ಲಿ ಎಂ.ಎ. ಓದುತ್ತಿರುವ ಮಗಳು ‘ಜಾಗತಿಕ ಸವಾಲುಗಳು’, ‘ಸಾಮಾಜಿಕ ನ್ಯಾಯ’ ಎಂಬಂಥ ವಿಷಯಗಳ ಉಪನ್ಯಾಸಗಳ ಆಹ್ವಾನ ಪತ್ರಿಕೆಯನ್ನು ಆಗಾಗ ಮೊಬೈಲಿಗೆ ಕಳುಹಿಸುತ್ತಾಳೆ. ಕೆಳಗೆ ‘ಸರ್ವರಿಗೂ ಆದರದ ಸ್ವಾಗತ’ ಎಂದಿರುತ್ತದೆ. ವಿದ್ಯಾರ್ಥಿಯಲ್ಲದವರು ನಿಜವಾಗಿಯೂ ಹೋಗಬಹುದೇ? ಹೋದರೆ ನಮಗೇನು ಸಿಗುತ್ತದೆ?

ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಹಲವರು ಕೇಳಿದ್ದಾರೆ. ಆದ್ದರಿಂದ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಹೋಗಬಹುದು. ಸರ್ವರಿಗೂ ಸ್ವಾಗತ ಎಂದು ಅಚ್ಚು ಹಾಕಿಸಿದ ಮೇಲೆ ಬಾಗಿಲಲ್ಲಿ ನಿಮ್ಮ ಪದವಿಯನ್ನು ಯಾರೂ ಕೇಳುವಂತಿಲ್ಲ. ಆದರೆ ಇದನ್ನು ವಿಶ್ವವಿದ್ಯಾನಿಲಯ ನಿಮಗೆ ತೋರಿಸುವ ಸೌಜನ್ಯವೆಂದು ಮಾತ್ರ ತಿಳಿಯಬೇಡಿ, ಇದು ಅದರ ಕರ್ತವ್ಯ. ವಿಶ್ವವಿದ್ಯಾನಿಲಯಗಳ ಕೆಲಸ ಬೋಧನೆ ಮತ್ತು ಸಂಶೋಧನೆಗೆ ಮುಗಿಯುವುದಿಲ್ಲ, ಸಮಾಜದೊಡನೆ ನೇರ ಸಂಪರ್ಕವಿರುವ ವಿಸ್ತರಣಾ ಕಾರ್ಯವೂ ಅವೆರಡಕ್ಕೆ ಸಮನಾದ ಮೂರನೆಯ ಹೊಣೆ ಎಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗವು 1977ರಷ್ಟು ಹಿಂದೆಯೇ ತನ್ನ ನೀತಿ ಹೇಳಿಕೆಯಲ್ಲಿ ಒಪ್ಪಿಕೊಂಡಿದೆ. ಕನ್ನಡ ನಾಡಿನಲ್ಲಿ ಈ ವಿಚಾರ ಅದಕ್ಕಿಂತಲೂ ಹಳೆಯದು. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಕುವೆಂಪು ಅವರು ಅಧ್ಯಯನಾಂಗ, ಸಂಶೋಧನಾಂಗಗಳ ಜೊತೆಗೆ ಪ್ರಸಾರಾಂಗವನ್ನೂ ವಿಶ್ವವಿದ್ಯಾನಿಲಯದ ಒಂದು ಅಂಗವೆಂದೇ ಕಂಡರು. ತರಗತಿಯ ಒಳಗೆ ಬರಲಾಗದವರಿಗೆ ಅರಿವನ್ನು ಅವರದೇ ಭಾಷೆಯಲ್ಲಿ, ಅವರಿದ್ದಲ್ಲಿಗೇ ಮುಟ್ಟಿಸುವುದು ಆ ಅಂಗದ ಕೆಲಸ. ಅಲ್ಲಿಂದ ಹೊರಬಂದ ಕಡಿಮೆ ಬೆಲೆಯ ಕಿರುಹೊತ್ತಗೆಗಳನ್ನು ಓದಿದ ಹಿರಿಯರು ನಿಮ್ಮ ಊರಿನಲ್ಲಿಯೂ ಇದ್ದಾರು.

ದಾವಣಗೆರೆ ವಿಶ್ವವಿದ್ಯಾನಿಲಯವೂ ಇದೇ ಬಳ್ಳಿಯ ಕುಡಿ. ತೋಳಹುಣಸೆಯಲ್ಲಿರುವ ಅದರ ಆವರಣ ಶಿವಗಂಗೋತ್ರಿ 1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಆರಂಭವಾಯಿತು, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಸೇರಿತು, 2009ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಚಿತ್ರದುರ್ಗ ಜಿಲ್ಲೆಯೂ ಅದರ ವ್ಯಾಪ್ತಿಗೆ ಸೇರಿದ್ದು, ದುರ್ಗದ ಬಳಿ ಜಿ.ಆರ್. ಹಳ್ಳಿಯಲ್ಲಿರುವ ಜ್ಞಾನಗಂಗೋತ್ರಿ ಅದರ ಸ್ನಾತಕೋತ್ತರ ಕೇಂದ್ರ. ಚಳ್ಳಕೆರೆಯಿಂದ ಹೊರಡುವ ನಿಮಗೆ ದಾವಣಗೆರೆಗಿಂತ ಅದೇ ಹತ್ತಿರ.

ಇನ್ನು ಪ್ರಯೋಜನದ ಮಾತು. ‘ಜಾಗತಿಕ’ ಎಂಬ ಪದ ಕಿವಿಗೆ ಬಿದ್ದೊಡನೆ ಅದು ನಮ್ಮ ಸಂಗತಿಯಲ್ಲ ಎನಿಸುವುದು ಸಹಜ. ನಿಮ್ಮ ಶೇಂಗಾ ಮಂಡಿಯನ್ನೇ ಎದುರಿಗಿಟ್ಟುಕೊಂಡು ನೋಡೋಣ. ಚಳ್ಳಕೆರೆಯನ್ನು ಎಣ್ಣೆಯ ಊರು ಎಂದು ಕರೆಯುವ ರೂಢಿ ಬಂದದ್ದು ಸುತ್ತಲಿನ ಶೇಂಗಾ ಬೆಳೆ ಮತ್ತು ಅದನ್ನು ಅರೆಯುವ ಮಿಲ್ಲುಗಳಿಂದ. 1994ರಲ್ಲಿ ಭಾರತವು ಪಾಮೋಲಿನ್ ಎಂಬ ತಾಳೆ ಎಣ್ಣೆಯ ಆಮದನ್ನು ಖಾಸಗಿಯವರಿಗೆ ಮುಕ್ತಗೊಳಿಸಿತು. ಇಂದು ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ, ಅದರಲ್ಲಿ ತಾಳೆ ಎಣ್ಣೆಯ ಬಹುಪಾಲು ಇಂಡೋನೇಷ್ಯಾ ಮತ್ತು ಮಲೇಷ್ಯಾಗಳದು. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾಗಿ ಸೂರ್ಯಕಾಂತಿ ಎಣ್ಣೆಯ ಸರಬರಾಜು ಕುಸಿದಾಗ, ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತನ್ನು ಕೆಲವು ವಾರ ನಿಷೇಧಿಸಿದಾಗ, ಅದರ ಬಿಸಿ ನಮ್ಮೂರ ಕಿರಾಣಿ ಅಂಗಡಿಗಳಿಗೂ ತಟ್ಟಿತು. ವಿಶ್ವ ವ್ಯಾಪಾರ ಸಂಸ್ಥೆಗೆ ಕೊಟ್ಟ ಮಾತಿನಂತೆ ಭಾರತವು ಸೋಯಾ ಎಣ್ಣೆಯ ಮೇಲೆ ಶೇ 45ಕ್ಕಿಂತ ಹೆಚ್ಚು ಆಮದು ಸುಂಕ ಹಾಕುವಂತಿಲ್ಲ, ತಾಳೆ ಎಣ್ಣೆಗಾದರೆ ಶೇ 300ರವರೆಗೆ ಅವಕಾಶವಿದೆ. ಸುಂಕ ಏರಿಸಿದರೆ ಶೇಂಗಾ ಬೆಳೆದ ರೈತನಿಗೆ ಉಸಿರಾಡಲು ಜಾಗ ಸಿಕ್ಕೀತು, ಆದರೆ ದಿನಗೂಲಿಯವರ ಒಗ್ಗರಣೆಗೆ ಎಣ್ಣೆ ತುಟ್ಟಿಯಾಗುತ್ತದೆ. ಇಳಿಸಿದರೆ ಅದೇ ಮಾತು ತಿರುವುಮುರುವು. ಇಬ್ಬರೂ ಬಡವರೇ ಆಗಿರುವಾಗ ಯಾರ ಹೊರೆಯನ್ನು ಯಾರ ಮೇಲೆ ಹಾಕುವುದು ನ್ಯಾಯ? ಜಾಗತಿಕ ವಿದ್ಯಮಾನ ಮತ್ತು ಸಾಮಾಜಿಕ ನ್ಯಾಯ ಎಂಬ ಎರಡು ದೊಡ್ಡ ಮಾತುಗಳು ಒಂದನ್ನೊಂದು ಮುಟ್ಟುವುದು ಇಂಥ ಕಡೆಯಲ್ಲಿ. ಈ ಲೆಕ್ಕದ ಒಂದು ಬದಿಯನ್ನು ನೀವು ದಿನವೂ ನಿಮ್ಮ ತಕ್ಕಡಿಯಲ್ಲಿಯೇ ನೋಡುತ್ತೀರಿ, ಇನ್ನೊಂದು ಬದಿಯನ್ನು ಓದಿ ಬಲ್ಲವರಿಂದ ಕೇಳಲು ಉಪನ್ಯಾಸ ಒಂದು ದಾರಿ.

ನೀರಿನ ವಿಷಯವೂ ಹಾಗೆಯೇ. ಜೂನ್ 17ನ್ನು ವಿಶ್ವಸಂಸ್ಥೆ ಮರುಭೂಮೀಕರಣ ಮತ್ತು ಬರದ ವಿರುದ್ಧದ ದಿನವೆಂದು ಗೊತ್ತುಮಾಡಿದೆ, 2030ರ ವೇಳೆಗೆ 2.6 ಕೋಟಿ ಹೆಕ್ಟೇರ್ ಸವಕಲು ಭೂಮಿಯನ್ನು ಮರಳಿ ಫಲವತ್ತಾಗಿಸುವುದಾಗಿ ಭಾರತ 2019ರಲ್ಲಿ ಮಾತು ಕೊಟ್ಟಿದೆ. ಬರವೆಂದರೆ ಏನೆಂಬುದನ್ನು ವಾಣಿವಿಲಾಸ ಸಾಗರದ ಕೆಳಗಿನ ಜನರಿಗೆ ಯಾರೂ ಭಾಷಾಂತರಿಸಿ ಹೇಳಬೇಕಾಗಿಲ್ಲ. 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟು 1933ರಲ್ಲಿ ತುಂಬಿದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ, ಅಂದರೆ 89 ವರ್ಷ, ಕಾಯಬೇಕಾಯಿತು.

ಸಾಮಾಜಿಕ ನ್ಯಾಯವೆಂದರೆ ಮೀಸಲಾತಿಯ ಚರ್ಚೆ ಮಾತ್ರ ಎಂದು ಭಾವಿಸಿ ಎಷ್ಟೋ ಜನ ದೂರ ಉಳಿಯುತ್ತಾರೆ. ಮೀಸಲಾತಿ ಅದರ ಮುಖ್ಯ ಭಾಗ, ಆದರೆ ಅಷ್ಟೇ ಅಲ್ಲ. ನಮ್ಮ ಸಂವಿಧಾನದ ಪ್ರಸ್ತಾವನೆಯನ್ನು ತೆರೆದು ನೋಡಿ. ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವಗಳಿಗಿಂತ ಮೊದಲು ನ್ಯಾಯವಿದೆ, ಆ ನ್ಯಾಯದಲ್ಲಿಯೂ ಆರ್ಥಿಕ, ರಾಜಕೀಯ ನ್ಯಾಯಗಳಿಗಿಂತ ಮೊದಲು ಸಾಮಾಜಿಕ ನ್ಯಾಯವಿದೆ. ನಿಮ್ಮ ತಾಲ್ಲೂಕಿನಲ್ಲಿ ಅಮೃತಮಹಲ್ ತಳಿಯ ದನಗಳಿಗೆಂದು ಬಿಟ್ಟ ಹುಲ್ಲುಗಾವಲಾದ ಅಮೃತಮಹಲ್ ಕಾವಲಿನ ಸಾವಿರಾರು ಎಕರೆಯನ್ನು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟಾಗ, ಅಲ್ಲಿ ತಲೆಮಾರುಗಳಿಂದ ಕುರಿ, ದನ ಮೇಯಿಸುತ್ತಿದ್ದ ಹಳ್ಳಿಗಳ ಜನ ವಿರೋಧಿಸಿದರು, ವಿವಾದ ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಹತ್ತಿತು. ದೇಶಕ್ಕೆ ವಿಜ್ಞಾನ ಬೇಕು, ಕುರಿಗಾಹಿಗೆ ಹುಲ್ಲು ಬೇಕು. ಇದು ಮೀಸಲಾತಿಯ ಪ್ರಶ್ನೆಯಲ್ಲ, ಆದರೂ ಸಾಮಾಜಿಕ ನ್ಯಾಯದ ಪ್ರಶ್ನೆ. ಇಂಥ ಹುಲ್ಲುಗಾವಲುಗಳ ವ್ಯಾಜ್ಯ ಆಫ್ರಿಕಾದ ಪಶುಪಾಲಕರ ನಾಡುಗಳಲ್ಲಿಯೂ ಇದೆ ಎಂದು ತಿಳಿದಾಗ, ತಾವು ಒಂಟಿಯಲ್ಲ ಎಂಬ ಅರಿವು ಆ ಹಳ್ಳಿಗಳ ಜನರಿಗೆ ಬರುತ್ತದೆ. ಆ ಅರಿವಿಗೆ ಬೆಲೆ ಇದೆ ಎಂದು ನಾನು ನಂಬಿದ್ದೇನೆ.

ಎಲ್ಲ ಕಾರ್ಯಕ್ರಮಗಳೂ ಒಂದೇ ಬಗೆಯವಲ್ಲ. ವಿಶೇಷ ಉಪನ್ಯಾಸ ಮತ್ತು ದತ್ತಿ ಉಪನ್ಯಾಸಗಳಿಗೆ ಸಾಮಾನ್ಯವಾಗಿ ಶುಲ್ಕವಿರುವುದಿಲ್ಲ, ನೇರವಾಗಿ ಹೋಗಿ ಕುಳಿತುಕೊಳ್ಳಬಹುದು. ರಾಷ್ಟ್ರೀಯ, ಅಂತಾರಾಷ್ಟ್ರೀಯ ವಿಚಾರ ಸಂಕಿರಣಗಳಲ್ಲಿ ಪ್ರಬಂಧ ಮಂಡಿಸುವವರು ನೋಂದಣಿ ಶುಲ್ಕ ಕಟ್ಟುತ್ತಾರೆ. ಕೇಳಲು ಮಾತ್ರ ಬರುವೆನೆಂದು ಸಂಚಾಲಕರಿಗೆ ಮೊದಲೇ ತಿಳಿಸಿದರೆ ಹೆಚ್ಚಿನವರು ಬೇಡವೆನ್ನುವುದಿಲ್ಲ. ಹಳ್ಳಿಗಳಿಗೆ ಬರುವ ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ಶಿಬಿರವನ್ನು ಚರಂಡಿ ಸ್ವಚ್ಛತೆಯ ಕೆಲಸವೆಂದಷ್ಟೇ ನೋಡುವವರಿದ್ದಾರೆ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾದ ಆ ಯೋಜನೆಯ ಶಿಬಿರಗಳಲ್ಲಿ ಸಂಜೆಯ ಹೊತ್ತು ಊರವರಿಗಾಗಿ ಉಪನ್ಯಾಸಗಳೂ ಇರುತ್ತವೆ. ದೂರ ಹೋಗಲಾಗದ ಹೆಣ್ಣುಮಕ್ಕಳಿಗೆ, ವಯಸ್ಸಾದವರಿಗೆ ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಉತ್ತಮ ಅವಕಾಶ. ಹೊರಡುವ ಮುನ್ನ ಉಪನ್ಯಾಸ ಕನ್ನಡದಲ್ಲಿದೆಯೇ ಎಂದು ವಿಚಾರಿಸಿಕೊಳ್ಳಿ. ಇಲ್ಲವಾದರೆ ಕನ್ನಡದಲ್ಲಿ ಸಾರಾಂಶವನ್ನಾದರೂ ಹೇಳಿಸಿ ಎಂದು ಕೇಳುವುದು ತಪ್ಪಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ಒಂದು ಕಾಲೇಜಿನಲ್ಲಿ ಬರದ ಬಗ್ಗೆ ಸಂಕಿರಣವಿತ್ತು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ಶಾಲು ಹೊದಿಸುವುದು, ಅತಿಥಿಗಳ ನುಡಿ, ಅಧ್ಯಕ್ಷೀಯ ನುಡಿ, ಇವೆಲ್ಲ ಮುಗಿಯುವಾಗ ಊಟದ ಹೊತ್ತಾಗಿತ್ತು. ಹಿಂದಿನ ಸಾಲಿನಿಂದ ಎದ್ದುನಿಂತ ಒಬ್ಬ ರೈತರು ತಮ್ಮ ಕೊಳವೆಬಾವಿಗಳ ಕತೆಯನ್ನು ಹೇಳಲಾರಂಭಿಸಿದಾಗ, ಸಮಯವಿಲ್ಲ, ಚುಟುಕಾಗಿ ಕೇಳಿ ಎಂದು ಸಂಘಟಕರು ಹೇಳಿದರು. ಆ ರೈತರು ಏನನ್ನೂ ಕೇಳದೆ ಕುಳಿತುಬಿಟ್ಟರು. ಆ ಸಭೆಯಲ್ಲಿ ಬರವನ್ನು ಉಂಡವರು ಅವರೊಬ್ಬರೇ ಇದ್ದಿರಬಹುದು. ಅಂದಿನಿಂದ ಆಹ್ವಾನ ಪತ್ರಿಕೆ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಭಾಷಣಕಾರರ ಹೆಸರನ್ನಲ್ಲ, ‘ಸಂವಾದ’ ಎಂಬ ಪದವನ್ನು ಮತ್ತು ಅದಕ್ಕೆ ಎಷ್ಟು ಹೊತ್ತು ಮೀಸಲಿಟ್ಟಿದ್ದಾರೆ ಎಂಬುದನ್ನು. ಆಮೇಲೆ, ವಿಷಯ ಯಾರ ಬದುಕಿಗೆ ಸಂಬಂಧಿಸಿದೆಯೋ ಅವರಲ್ಲಿ ಒಬ್ಬರಾದರೂ ವೇದಿಕೆಯಲ್ಲಿದ್ದಾರೆಯೇ ಎಂದು ನೋಡುತ್ತೇನೆ. ವಲಸೆಯ ಬಗ್ಗೆ ಸಭೆ ನಡೆಸುವವರು ಕಾಫಿ ಸೀಮೆಗೆ ಗುಳೆ ಹೋಗಿ ಬಂದ ತಾಂಡಾದ ಹೆಣ್ಣುಮಗಳೊಬ್ಬರಿಗೆ ಮೈಕು ಕೊಡದಿದ್ದರೆ, ಆ ಸಭೆ ಅರ್ಧವಾಗಿಯೇ ಉಳಿಯುತ್ತದೆ.

ಸಿರಿಗೆರೆ ಮಠದ ತರಳಬಾಳು ಹುಣ್ಣಿಮೆ ಉತ್ಸವದಲ್ಲಿ ಒಂಬತ್ತು ದಿನ ನಡೆಯುವ ಸಭೆಗಳಿಗೆ ಈ ಭಾಗದ ಜನ ಗಾಡಿ ಕಟ್ಟಿಕೊಂಡು ಬಂದು, ಚಾಪೆ ಹಾಸಿ ಕುಳಿತು, ರಾಜ್ಯದ, ದೇಶದ ವಿದ್ವಾಂಸರ ಮಾತನ್ನು ಕೇಳಿದವರು. ಉಪನ್ಯಾಸ ಕೇಳುವ ಅಭ್ಯಾಸವನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ವಿಶ್ವವಿದ್ಯಾನಿಲಯದ ಸಭಾಂಗಣದಲ್ಲಿ ಕುರ್ಚಿಗಳು ಮೆತ್ತಗಿರುವುದರಿಂದ ನಾವೇ ಹಿಂಜರಿಯುತ್ತೇವೆ.

ನೀವು ಹೋಗುವುದಾದರೆ ನನ್ನದೊಂದು ಸಲಹೆಯಿದೆ. ಮಗಳ ಮೂಲಕ ಆ ವಿಭಾಗದ ಸಂಚಾಲಕರಿಗೆ ಒಂದು ಪುಟದ ಪತ್ರ ಬರೆಯಿರಿ. ನಿಮ್ಮ ತಂದೆಯವರ ಕಾಲದಿಂದ ಇಂದಿನವರೆಗೆ ಮಂಡಿಗೆ ಬರುವ ಶೇಂಗಾ ಎಷ್ಟಿತ್ತು, ಎಷ್ಟಾಗಿದೆ, ಸುತ್ತಲಿನ ಮಿಲ್ಲುಗಳಲ್ಲಿ ಯಾವುದು ಯಾವ ವರ್ಷ ಮುಚ್ಚಿತು ಎಂಬುದನ್ನು ಹಳೆಯ ಲೆಕ್ಕದ ಪುಸ್ತಕಗಳಿಂದ ತೆಗೆದು ಬರೆದು, ಇದಕ್ಕೂ ಆಮದು ನೀತಿಗೂ ಇರುವ ಸಂಬಂಧವನ್ನು ವಿವರಿಸಬಲ್ಲವರನ್ನು ಒಮ್ಮೆ ಕರೆಸಿ ಎಂದು ಕೇಳಿ. ಅರ್ಥಶಾಸ್ತ್ರ ಓದುವ ಹತ್ತು ಮಕ್ಕಳಿಗೆ ಅಂಥ ಲೆಕ್ಕದ ಪುಸ್ತಕ ನೋಡಲು ಸಿಕ್ಕರೆ ಅವರ ಓದಿಗೂ ಅನುಕೂಲ. ಪುಸ್ತಕಗಳ ಮೂಲಪ್ರತಿಯನ್ನು ಮಾತ್ರ ಯಾರಿಗೂ ಕೊಡಬೇಡಿ, ನೆರಳಚ್ಚು ತೆಗೆಸಿ ಕೊಡಿ.